ಥಿಯರಿ ಬೇಡ ಎನ್ನುವವರ ಥಿಯರಿ

ಗಾಲ್ಫ್ ಕಲಿಸುವವನಿಗೆ ಥಿಯರಿ ಬೇಕಿಲ್ಲ ಎಂದು ವಾದಿಸುವವರ ಪೈಕಿ ಥಿಯರಿ ಇಲ್ಲದೆ ಕಲಿಸುವ ಒಬ್ಬನನ್ನೂ ನಾನು ಕಂಡಿಲ್ಲ. ‘ತಲೆ ಎತ್ತಬೇಡ’ ಎಂಬುದು ಒಂದು ಥಿಯರಿ. ‘ಎಡಗೈ ಮಡಿಸಬೇಡ’ ಎಂಬುದು ಇನ್ನೊಂದು. ‘ನಿಧಾನಕ್ಕೆ ಬೀಸು, ಉಳಿದದ್ದನ್ನು ಕ್ಲಬ್ಬೇ ನೋಡಿಕೊಳ್ಳುತ್ತದೆ’ ಎಂಬುದಂತೂ ಯಾವ ವಸ್ತು ಎಲ್ಲಿಂದ ಬಲ ಪಡೆದು ಎಷ್ಟು ವೇಗದಲ್ಲಿ ಸಾಗುತ್ತದೆ ಎಂಬ ಬಗ್ಗೆ ಕೊಟ್ಟ ಖಡಾಖಂಡಿತ ತೀರ್ಪು. ತೀರ್ಪು ಕೊಡುತ್ತಿದ್ದೇವೆಂಬ ಅರಿವು ಕೊಡುವವರಿಗಿಲ್ಲ, ಅಷ್ಟೇ. ಹಾಗಾಗಿ ಜಗಳ ಇರುವುದು ಥಿಯರಿ ಬೇಕೋ ಬೇಡವೋ ಎಂಬುದರ ಮೇಲಲ್ಲ. ಅಳೆದು ನೋಡಿದ ಥಿಯರಿ ಬೇಕೋ, ಯಾರೋ ಯಾವಾಗಲೋ ಹೇಳಿಹೋದದ್ದನ್ನು ಬಾಯಿಪಾಠ ಮಾಡಿಕೊಂಡರೆ ಸಾಕೋ ಎಂಬುದರ ಮೇಲೆ.

ಸದ್ಯಕ್ಕೆ ಗೆದ್ದಿರುವುದು ಬಾಯಿಪಾಠ. ಎಡಿನ್‌ಬರೋದಿಂದ ಬೆಂಗಳೂರಿನವರೆಗೆ ಯಾವ ಕ್ಲಬ್‌ಹೌಸಿನ ವರಾಂಡದಲ್ಲಿ ಕುಳಿತರೂ ಒಂದೇ ಮಾತು ಕಿವಿಗೆ ಬೀಳುತ್ತದೆ. ಸ್ವಿಂಗ್ ಒಂದು ಕಲೆ. ಕೋಚ್‌ಗೆ ಕಣ್ಣಿದ್ದರೆ ಸಾಕು, ಕೈಗೆ ಹದ ಇದ್ದರೆ ಸಾಕು. ಲೋಲಕ, ಟಾರ್ಕ್, ಕೋನ ಎಂದೆಲ್ಲ ಶುರುಮಾಡಿದರೆ ಅವನ ತಲೆಯೂ ಕೆಡುತ್ತದೆ, ನಮ್ಮ ಆಟವೂ ಕೆಡುತ್ತದೆ. ಈ ಮಾತಿಗೆ ಎಲ್ಲರೂ ತಲೆದೂಗುತ್ತಾರೆ. ತಲೆದೂಗುವವರಲ್ಲಿ ಸೇತುವೆ ಕಟ್ಟಿಸಿದ ಎಂಜಿನಿಯರುಗಳಿದ್ದಾರೆ, ಹೃದಯ ಕೊಯ್ದು ಹೊಲಿಯುವ ಸರ್ಜನ್ನರಿದ್ದಾರೆ, ಕೋಡ್ ಬರೆದು ಕಂಪನಿ ಕಟ್ಟಿದವರಿದ್ದಾರೆ. ತಮ್ಮ ಆಫೀಸಿನಲ್ಲಿ ‘ಲೆಕ್ಕ ಬೇಡ, ಫೀಲ್ ಸಾಕು’ ಎಂದವನನ್ನು ಮಧ್ಯಾಹ್ನದೊಳಗೆ ಮನೆಗೆ ಕಳಿಸುವ ಜನ ಇವರು. ಡ್ರೈವಿಂಗ್ ರೇಂಜಿಗೆ ಬಂದ ಕೂಡಲೇ ಇವರ ನ್ಯೂಟನ್ ಎಲ್ಲಿಗೆ ಹೋಗುತ್ತಾನೆ?

ಬಾಯಿಪಾಠದಿಂದ ಏನು ಕೆಡುತ್ತದೆ ಎಂದು ತಿಳಿಯಲು ಸ್ಲೈಸ್ ಒಂದೇ ಸಾಕು. ಬಲಗೈ ಆಟಗಾರನ ಚೆಂಡು ಬಲಕ್ಕೆ ಬಾಗಿ ಪೊದೆ ಸೇರುವ ಆ ಹೊಡೆತ ಹವ್ಯಾಸಿಗಳನ್ನು ಬೇರಾವ ಕಾಯಿಲೆಗಿಂತಲೂ ಹೆಚ್ಚು ಕಾಡುತ್ತದೆ. ಅದಕ್ಕೆ ದಶಕಗಳ ಕಾಲ ಸಿಕ್ಕ ಔಷಧ ಹೀಗಿತ್ತು: ಚೆಂಡು ಬಲಕ್ಕೆ ಹೋಗುತ್ತಿದೆ, ಆದ್ದರಿಂದ ಎಡಕ್ಕೆ ಗುರಿಯಿಡು. ರೋಗಿ ಎಡಕ್ಕೆ ತಿರುಗಿ ನಿಲ್ಲುತ್ತಾನೆ. ಕ್ಲಬ್ ಸಾಗುವ ದಾರಿಯೂ ಅವನೊಂದಿಗೆ ಎಡಕ್ಕೆ ತಿರುಗುತ್ತದೆ. ಕ್ಲಬ್‌ಫೇಸ್, ಅಂದರೆ ಚೆಂಡಿಗೆ ತಗಲುವ ಕ್ಲಬ್ಬಿನ ಮುಖ, ಮಾತ್ರ ಹಿಂದಿನ ಹಾಗೆಯೇ ತೆರೆದುಕೊಂಡಿರುತ್ತದೆ. ದಾರಿಗೂ ಫೇಸಿಗೂ ನಡುವಿನ ಕೋನ ಹಿಗ್ಗಿದಷ್ಟೂ ಚೆಂಡು ಹೆಚ್ಚು ಬಾಗುತ್ತದೆ. ಮೊದಲು ಪೊದೆಗೆ ಹೋಗುತ್ತಿದ್ದದ್ದು ಈಗ ಪಕ್ಕದ ಫೇರ್‌ವೇಗೆ ಹೋಗುತ್ತದೆ. ಕೋಚ್ ಇನ್ನೂ ಎಡಕ್ಕೆ ತಿರುಗು ಎನ್ನುತ್ತಾನೆ. ಔಷಧವೇ ರೋಗವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ವೈದ್ಯಕೀಯದಲ್ಲೂ ಸಿಗುವುದು ಕಷ್ಟ.

ಈ ಎಡವಟ್ಟಿನ ಹಿಂದೆ ಒಂದು ‘ನಿಯಮ’ ಇತ್ತು. ಚೆಂಡು ಹೊರಡುವುದು ಕ್ಲಬ್ ಬೀಸಿದ ದಾರಿಯಲ್ಲಿ, ಕೊನೆಗೆ ಹೋಗಿ ಮುಟ್ಟುವುದು ಕ್ಲಬ್‌ಫೇಸ್ ನೋಡುತ್ತಿದ್ದ ದಿಕ್ಕಿನಲ್ಲಿ ಎಂಬ ನಿಯಮ. ಬೋಧಕರ ಕೈಪಿಡಿಗಳಲ್ಲಿ ಇದೇ ಇತ್ತು, ದೊಡ್ಡ ದೊಡ್ಡ ಚಾಂಪಿಯನ್ನರು ತಮ್ಮ ಹೆಸರಿನಲ್ಲಿ ಹೊರತಂದ ಪುಸ್ತಕಗಳಲ್ಲೂ ಇದೇ ಇತ್ತು. ಇದು ತಪ್ಪು. ಸ್ವಲ್ಪ ತಪ್ಪಲ್ಲ, ತಲೆಕೆಳಗು. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಫೇಸ್. ಡ್ರೈವರ್‌ನಲ್ಲಿ ಅದರ ಪಾಲು ಸುಮಾರು 85 ಪ್ರತಿಶತ, ಐರನ್ನುಗಳಲ್ಲಿ ಸುಮಾರು 75.

ಅಂಕಿ ಒಣಗಿದ್ದೆನಿಸಿದರೆ ಒಂದು ಮರ ತಂದು ನಿಲ್ಲಿಸೋಣ. ನಿಮಗೂ ಧ್ವಜಕ್ಕೂ ನಡುವೆ, 50 ಗಜ ದೂರದಲ್ಲಿ, ಕೊಂಬೆ ಚಾಚಿಕೊಂಡ ಒಂದು ಮಳೆಮರ. ಚೆಂಡನ್ನು ಅದರ ಬಲಗಡೆಯಿಂದ ಸುತ್ತಿಸಿ ಎಡಕ್ಕೆ ಬಾಗಿಸಬೇಕು. ಹಳೆಯ ನಿಯಮದಂತೆ ಫೇಸನ್ನು ಧ್ವಜಕ್ಕೆ, ಅಂದರೆ ಮರದ ಬೊಡ್ಡೆಗೆ, ನೇರವಾಗಿಡುತ್ತೀರಿ. ಬೀಸುವ ದಾರಿಯನ್ನು 10 ಡಿಗ್ರಿ ಬಲಕ್ಕೆ ತಿರುಗಿಸುತ್ತೀರಿ. ಚೆಂಡು 10 ಡಿಗ್ರಿ ಬಲಕ್ಕೆ ಹೊರಡುತ್ತದೆಂದು ನಿಮ್ಮ ನಂಬಿಕೆ. ಕೈಯಲ್ಲಿರುವುದು ಐರನ್ ಆದರೆ ನಿಜಕ್ಕೂ ಅದು ಹೊರಡುವುದು ಎರಡೂವರೆ ಡಿಗ್ರಿ ಬಲಕ್ಕೆ. 50 ಗಜ ಹೋಗುವಷ್ಟರಲ್ಲಿ ಬೊಡ್ಡೆಯಿಂದ ಎರಡು ಗಜ ಸರಿದಿರುತ್ತದೆ, ಅಷ್ಟರಲ್ಲೇ ಎಡಕ್ಕೆ ಬಾಗಲೂ ಶುರುಮಾಡಿರುತ್ತದೆ. ಟಪ್ ಎಂದು ಕೊಂಬೆಗೆ. ಪಕ್ಕದಲ್ಲಿ ನಿಂತ ಕೋಚ್ ಏನನ್ನುತ್ತಾನೆ? ‘ಹೇಳಿದ ಹಾಗೆ ಹೊಡೆಯಲಿಲ್ಲ ನೀವು, ಸರ್.’ ಸರ್ ಹೇಳಿದ ಹಾಗೆಯೇ ಹೊಡೆದಿದ್ದಾರೆ. ಅದಕ್ಕೇ ಕೊಂಬೆಗೆ ಬಡಿದದ್ದು.

ಆಗ ಯಾರಿಗೂ ಗೊತ್ತಿರಲಿಲ್ಲ, ಪಾಪ, ಎಂದು ಮನ್ನಿಸಲೂ ದಾರಿಯಿಲ್ಲ. ಗೊತ್ತಿತ್ತು. ಬ್ರಿಟನ್ನಿನ ಗಾಲ್ಫ್ ಸೊಸೈಟಿ ವಿಜ್ಞಾನಿಗಳನ್ನು ಕೂರಿಸಿ ಮಾಡಿಸಿದ ಸಂಶೋಧನೆಯನ್ನು ಭೌತವಿಜ್ಞಾನಿ ಅಲಸ್ಟೇರ್ ಕಾಕ್ರನ್ ಮತ್ತು ಬರಹಗಾರ ಜಾನ್ ಸ್ಟಾಬ್ಸ್ 1968ರಲ್ಲೇ ‘ದ ಸರ್ಚ್ ಫಾರ್ ದ ಪರ್ಫೆಕ್ಟ್ ಸ್ವಿಂಗ್’ ಎಂಬ ಪುಸ್ತಕವಾಗಿ ಅಚ್ಚು ಹಾಕಿಸಿದ್ದರು. ಫೇಸಿನ ಪ್ರಾಧಾನ್ಯ ಅದರಲ್ಲಿದೆ. ತೋಳು ಒಂದು ಲೋಲಕ, ಮಣಿಕಟ್ಟಿನಿಂದಾಚೆಗಿನ ಕ್ಲಬ್ ಇನ್ನೊಂದು ಲೋಲಕ, ಎರಡನ್ನೂ ಒಂದಕ್ಕೊಂದು ಜೋಡಿಸಿದರೆ ಸ್ವಿಂಗ್ ಅರ್ಥವಾಗುತ್ತದೆ ಎಂಬ ಮಾದರಿಯೂ ಅದರಲ್ಲಿದೆ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಪ್ರೊಫೆಸರ್ ಥಿಯೊಡೋರ್ ಜಾರ್ಗೆನ್ಸನ್ 1994ರಲ್ಲಿ ‘ದ ಫಿಸಿಕ್ಸ್ ಆಫ್ ಗಾಲ್ಫ್’ ಬರೆದು ದಾರಿ ಮತ್ತು ಫೇಸ್ ಎರಡೂ ಸೇರಿ ಚೆಂಡಿನ ಹಾರಾಟದ ತಲವನ್ನು ಹೇಗೆ ಓರೆಯಾಗಿಸುತ್ತವೆ ಎಂದು ಚಿತ್ರ ಸಮೇತ ತೋರಿಸಿದರು. ಬೋಧಕರ ಲೋಕ ಎರಡನ್ನೂ ಕಪಾಟಿನಲ್ಲಿಟ್ಟು ಬಾಯಿಪಾಠ ಮುಂದುವರಿಸಿತು. 2003ರಲ್ಲಿ ಡೆನ್ಮಾರ್ಕಿನಲ್ಲಿ ಟ್ರ್ಯಾಕ್‌ಮ್ಯಾನ್ ಕಂಪನಿ ಹುಟ್ಟಿತು. ಅದರ ರೇಡಾರ್ ಪೆಟ್ಟಿಗೆ ರೇಂಜುಗಳಿಗೆ ಬಂದು ಪರದೆಯ ಮೇಲೆ ಅಂಕಿ ಬೆಳಗಿದ ಮೇಲೆ, ಬೇರೆ ದಾರಿಯೇ ಇಲ್ಲದೆ, ಒಬ್ಬೊಬ್ಬರಾಗಿ ‘ಹೊಸ ನಿಯಮ’ ಬಂದಿದೆ ಎನ್ನತೊಡಗಿದರು. ಹೊಸದಂತೆ! ಅಚ್ಚಾಗಿ 35 ವರ್ಷ ದಾಟಿದ ಮಾತು. ಆ 35 ವರ್ಷ ದುಡ್ಡು ತೆತ್ತು ತಪ್ಪು ಕಲಿತವರಿಗೆ ಯಾವ ಸಂಘ ಕ್ಷಮೆ ಕೇಳಿತು? ಯಾರು ಫೀಸು ಹಿಂತಿರುಗಿಸಿದರು?

ಇನ್ನೂ ಹಿಂದಕ್ಕೆ ಹೋದರೆ ನಾಚಿಕೆ ಹೆಚ್ಚುತ್ತದೆ. ಎಡಿನ್‌ಬರೋ ವಿಶ್ವವಿದ್ಯಾಲಯದ ಪೀಟರ್ ಗತ್ರಿ ಟೇಟ್ 1890ರ ದಶಕದಲ್ಲೇ ಚೆಂಡು ಅಷ್ಟು ಹೊತ್ತು ಗಾಳಿಯಲ್ಲಿ ನಿಲ್ಲುವುದು ಬ್ಯಾಕ್‌ಸ್ಪಿನ್ನಿನಿಂದ ಎಂದು ಲೆಕ್ಕ ಹಾಕಿ ತೋರಿಸಿದ್ದರು. ಎಲೆಕ್ಟ್ರಾನ್ ಕಂಡುಹಿಡಿದ ಜೆ.ಜೆ. ಥಾಮ್ಸನ್ 1910ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಗಾಲ್ಫ್ ಚೆಂಡಿನ ಚಲನೆಯ ಮೇಲೆಯೇ ಉಪನ್ಯಾಸ ಕೊಟ್ಟರು. ಕ್ಲಬ್‌ಹೌಸುಗಳು ಟೇಟ್ ಅವರಿಂದ ಏನು ನೆನಪಿಟ್ಟುಕೊಂಡವು? ಚೆಂಡು ಇಷ್ಟು ದೂರಕ್ಕಿಂತ ಹೆಚ್ಚು ಹಾರಲಾರದು ಎಂದು ಅಪ್ಪ ಹೇಳಿದನಂತೆ, ಎರಡು ಸಲ ಅಮೆಚೂರ್ ಚಾಂಪಿಯನ್ ಆದ ಮಗ ಫ್ರೆಡ್ಡಿ ಅದಕ್ಕಿಂತ ದೂರ ಹೊಡೆದು ತೋರಿಸಿದನಂತೆ ಎಂಬ ದಂತಕತೆಯನ್ನು. ವಿಜ್ಞಾನಿಯ ಮುಖಭಂಗದ ಕತೆ ನೂರಿಪ್ಪತ್ತು ವರ್ಷ ಬಾಳಿತು. ಅವನು ಕಂಡುಹಿಡಿದ ಬ್ಯಾಕ್‌ಸ್ಪಿನ್ನನ್ನು ಇಂದಿಗೂ ಎಷ್ಟು ಕೋಚುಗಳು ವಿವರಿಸಬಲ್ಲರು?

ಈಗ ‘ತಲೆ ಎತ್ತಬೇಡ’ ಎಂಬ ಮಹಾಮಂತ್ರಕ್ಕೆ ಬರೋಣ. ಚೆಂಡಿನ ನೆತ್ತಿಗೆ ಬಡಿದರೆ ತಲೆ ಎತ್ತಿದೆ. ನೆಲಕ್ಕೆ ಬಡಿದರೂ ತಲೆ ಎತ್ತಿದೆ. ಬಲಕ್ಕೆ ಹೋಯಿತೇ? ಖಂಡಿತ ತಲೆ ಎತ್ತಿದ್ದೇ ಕಾರಣ. ಎಲ್ಲ ರೋಗಕ್ಕೂ ಒಂದೇ ಕಾರಣ ಹೇಳುವವನನ್ನು ಬೇರೆ ಕಸುಬಿನಲ್ಲಿ ಏನೆಂದು ಕರೆಯುತ್ತೇವೋ ನಿಮಗೆ ಗೊತ್ತು. ಹತ್ತು ಮೇಜರ್ ಗೆದ್ದ ಆನಿಕಾ ಸೊರೆನ್‌ಸ್ಟಾಮ್ ಕ್ಲಬ್ ಚೆಂಡಿಗೆ ತಗಲುವ ಮುಂಚೆಯೇ ಮುಖವನ್ನು ಗುರಿಯ ಕಡೆಗೆ ಹೊರಳಿಸುತ್ತಿದ್ದರು. 2001ರ ಓಪನ್ ಗೆದ್ದ ಡೇವಿಡ್ ಡುವಾಲ್ ಕೂಡ ಹಾಗೆಯೇ. ಇಬ್ಬರೂ ವಿಶ್ವದ ನಂಬರ್ ಒನ್ ಆಗಿದ್ದವರು. ಚೆಂಡಿನ ನೆತ್ತಿಗೆ ಬಡಿಯುವುದಕ್ಕೆ ನಿಜವಾದ ಕಾರಣ ಬಹಳ ಸಲ ಬೇರೆಲ್ಲೋ ಇರುತ್ತದೆ. ಕ್ಲಬ್ಬಿನ ಚಾಪದ ತಳಬಿಂದು ಚೆಂಡಿಗಿಂತ ಹಿಂದೆ ಬಿದ್ದಿರುತ್ತದೆ, ಅಥವಾ ಸೊಂಟ ಚೆಂಡಿನ ಕಡೆಗೆ ನುಗ್ಗಿ ಬೆನ್ನು ನೆಟ್ಟಗಾಗಿರುತ್ತದೆ, ಅಥವಾ ಮೊಣಕೈ ಮಡಿಸಿಕೊಂಡಿರುತ್ತದೆ. ಬೆನ್ನು ನೆಟ್ಟಗಾದಾಗ ತಲೆಯೂ ಏಳುತ್ತದೆ. ಕಣ್ಣಿಗೆ ಕಂಡದ್ದು ತಲೆ, ಆದ್ದರಿಂದ ತಲೆಯೇ ಅಪರಾಧಿ. ‘ಕೋಚ್‌ಗೆ ಕಣ್ಣಿದ್ದರೆ ಸಾಕು’ ಎನ್ನುವವರು ಇದಕ್ಕೆ ಉತ್ತರ ಹೇಳಲಿ. ಏನನ್ನು ಹುಡುಕಬೇಕೆಂದು ಗೊತ್ತಿಲ್ಲದ ಕಣ್ಣಿಗೆ ಕಾಣುವುದು ಪರಿಣಾಮ ಮಾತ್ರ.

ಅದೂ ಎಂಥ ವೇಗದ ಪರಿಣಾಮ! ಕ್ಲಬ್‌ಗೂ ಚೆಂಡಿಗೂ ನಡುವಿನ ಸಂಬಂಧ ಅರ್ಧ ಮಿಲಿಸೆಕೆಂಡಿನಷ್ಟು. ಆ ಅವಧಿಯಲ್ಲಿ ಕ್ಲಬ್ ಸಾಗುವ ದೂರ ಸುಮಾರು ಮುಕ್ಕಾಲು ಇಂಚು. ಮೇಲಿನಿಂದ ಕೆಳಗೆ ಬೀಸಿ ಬರಲು ಒಳ್ಳೆಯ ಆಟಗಾರನಿಗೆ ಹಿಡಿಯುವುದೇ ಕಾಲು ಸೆಕೆಂಡ್. ಕಂಡದ್ದಕ್ಕೆ ಮೈ ಸ್ಪಂದಿಸಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಹೀಗಿರುವಾಗ ‘ಚೆಂಡನ್ನು ಫೇಸಿನ ಮೇಲೆ ಹಿಡಿದಿಟ್ಟುಕೊಂಡು ಮುಂದಕ್ಕೆ ತಳ್ಳಿ’, ‘ತಗಲಿದ ಕೂಡಲೇ ಕೈ ತಿರುಗಿಸಿ’ ಎಂದು ದಿನಬೆಳಗಾದರೆ ಕಲಿಸುತ್ತಾರಲ್ಲ, ಯಾವ ಮನುಷ್ಯನಿಗೆ ಅದು ಸಾಧ್ಯ? ನೀವು ಕೈ ತಿರುಗಿಸಬೇಕೆಂದು ನಿರ್ಧರಿಸುವ ಹೊತ್ತಿಗೆ ಚೆಂಡು ನಿಮ್ಮನ್ನು ಬಿಟ್ಟು ಹೋಗಿ ಆಗಿರುತ್ತದೆ.

ಚಾಂಪಿಯನ್ನರೇ ಹಾಗೆ ಹೇಳುತ್ತಾರಲ್ಲ ಎಂಬ ಉತ್ತರ ತಯಾರಿರುತ್ತದೆ. ಹೇಳುತ್ತಾರೆ, ಸುಳ್ಳೂ ಹೇಳುತ್ತಿಲ್ಲ. ಅವರಿಗೆ ಹಾಗೆ ಅನ್ನಿಸುತ್ತದೆ. ಅನ್ನಿಸುವುದೂ ಆಗುವುದೂ ಬೇರೆಬೇರೆ ಎಂಬುದನ್ನು ಎಂಐಟಿಯ ಹೆರಲ್ಡ್ ಎಡ್ಜರ್ಟನ್ 1930ರ ದಶಕದಲ್ಲಿ ಸ್ಟ್ರೋಬ್ ಬೆಳಕಿನಲ್ಲಿ ಗಾಲ್ಫರುಗಳ ಸ್ವಿಂಗ್ ಸೆರೆಹಿಡಿದ ದಿನದಿಂದ ಯಾರು ಬೇಕಾದರೂ ನೋಡಬಹುದಾಗಿತ್ತು. ಕೈಗಳು ಕೊನೆಯ ಗಳಿಗೆಯವರೆಗೂ ವೇಗ ಹೆಚ್ಚಿಸಿಕೊಳ್ಳುತ್ತಲೇ ಹೋಗುತ್ತವೆ ಎಂದು ಆಟಗಾರನಿಗೆ ಅನ್ನಿಸುತ್ತದೆ. ವಾಸ್ತವದಲ್ಲಿ ಚೆಂಡಿಗೆ ತಗಲುವ ಮುಂಚೆ ಕೈ ನಿಧಾನವಾಗುತ್ತದೆ, ಶಕ್ತಿ ಕ್ಲಬ್ಬಿಗೆ ದಾಟುತ್ತದೆ. ಜೋಡಿ ಲೋಲಕದ ಗುಟ್ಟೇ ಅದು. ಈ ಗುಟ್ಟು ತಿಳಿಯದವನು ‘ಮಣಿಕಟ್ಟಿನಿಂದ ಜೋರಾಗಿ ಬೀಸಿ’ ಎನ್ನುತ್ತಾನೆ. ಶಿಷ್ಯ ಮೇಲಿನಿಂದಲೇ ಮಣಿಕಟ್ಟು ಬಿಚ್ಚಿ, ಚೆಂಡು ತಲುಪುವ ಮುಂಚೆಯೇ ವೇಗವನ್ನೆಲ್ಲ ಗಾಳಿಗೆ ಸುರಿದು, 150 ಗಜಕ್ಕೆ ಸುಸ್ತಾಗುತ್ತಾನೆ. ಆಟ ಬಲ್ಲವನ ಅನಿಸಿಕೆಯನ್ನೇ ಪಾಠವೆಂದು ಮಾರುವುದು ಇಡೀ ಜಗತ್ತಿನ ಗಾಲ್ಫ್ ಬೋಧನೆಯ ಮೂಲ ವ್ಯಾಪಾರ.

ಇಷ್ಟು ಹೇಳಿದ ಮೇಲೆ ಎದುರು ಪಾಳಯದವರು ತಮ್ಮ ಬ್ರಹ್ಮಾಸ್ತ್ರ ತೆಗೆಯುತ್ತಾರೆ: ಬಾಬಿ ಕ್ಲಾಂಪೆಟ್. ಸಿಯಾಟಲ್‌ನ ಹೋಮರ್ ಕೆಲಿ ಎಂಬಾತ ವರ್ಷಗಟ್ಟಲೆ ಒಬ್ಬನೇ ಕುಳಿತು ಸ್ವಿಂಗನ್ನು 24 ಘಟಕಗಳಾಗಿ ಬಿಡಿಸಿ 1969ರಲ್ಲಿ ‘ದ ಗಾಲ್ಫಿಂಗ್ ಮಷೀನ್’ ಪ್ರಕಟಿಸಿದ. ಆ ಪುಸ್ತಕದ ನೆರಳಲ್ಲಿ ಬೆಳೆದ ಹುಡುಗ ಕ್ಲಾಂಪೆಟ್. 1982ರ ಓಪನ್, ರಾಯಲ್ ಟ್ರೂನ್. ಇಪ್ಪತ್ತೆರಡರ ಹುಡುಗ 67, 66 ಹೊಡೆದು ಎರಡು ದಿನದ ಕೊನೆಗೆ ಐದು ಸ್ಟ್ರೋಕ್ ಮುಂದಿದ್ದ. ಮೂರನೆಯ ದಿನ 78, ನಾಲ್ಕನೆಯ ದಿನ 77. ಗೆದ್ದವರು ಟಾಮ್ ವಾಟ್ಸನ್. ನೋಡಿದಿರಾ, ಥಿಯರಿ ಹುಡುಗನನ್ನು ತಿಂದುಹಾಕಿತು ಎಂದು ಗಾಲ್ಫ್ ಪತ್ರಕರ್ತರು ಬರೆದರು, ಕೋಚುಗಳು ಚಪ್ಪಾಳೆ ತಟ್ಟಿದರು. ಒಂದು ಸಣ್ಣ ಪ್ರಶ್ನೆ. 78 ಪುಸ್ತಕದ ತಪ್ಪಾದರೆ 66 ಯಾರ ಪುಣ್ಯ? ಓಪನ್‌ನಲ್ಲಿ ಮುನ್ನಡೆಯಲ್ಲಿದ್ದು ಕುಸಿದವರ ಪಟ್ಟಿ ಮಾಡಿದರೆ ಅದರಲ್ಲಿ ಒಂದು ಪುಟವನ್ನೂ ಓದದ ‘ಸಹಜ’ ಆಟಗಾರರು ಎಷ್ಟು ಮಂದಿ? ಅವರನ್ನು ತಿಂದದ್ದು ಯಾವ ಥಿಯರಿ? ಅದೇ ವರ್ಷ ಕ್ಲಾಂಪೆಟ್ ಸದರ್ನ್ ಓಪನ್ ಗೆದ್ದದ್ದನ್ನು ಈ ಕತೆ ಹೇಳುವವರು ಯಾಕೆ ನುಂಗಿಬಿಡುತ್ತಾರೆ? ಹದಿಹರೆಯದಲ್ಲಿ ಇದೇ ಪುಸ್ತಕ ಕೈಗೆ ಸಿಕ್ಕು, ಎಲ್ಲ ಐರನ್ನುಗಳನ್ನೂ ಒಂದೇ ಉದ್ದಕ್ಕೆ ಮಾಡಿಸಿಕೊಂಡ ಬ್ರೈಸನ್ ಡಿಶಾಂಬೊ 2020ರಲ್ಲೂ 2024ರಲ್ಲೂ ಯು.ಎಸ್. ಓಪನ್ ಗೆದ್ದಾಗ ಮಾತ್ರ ‘ಹುಡುಗನಿಗೆ ಪ್ರತಿಭೆ ಇದೆ’ ಎಂದರು. ಸೋತರೆ ಥಿಯರಿ, ಗೆದ್ದರೆ ಪ್ರತಿಭೆ. ಇಂಥ ಪಗಡೆ ಹಾಸಿನಲ್ಲಿ ಶಕುನಿಗೂ ಸೋಲಿಲ್ಲ.

ಕೆಲಿಯ ಪುಸ್ತಕ ಓದುವುದು ಶಿಕ್ಷೆ, ಇದನ್ನು ಒಪ್ಪಿಬಿಡುತ್ತೇನೆ. ಅಡ್ಡ ಉಲ್ಲೇಖಗಳ ಆ ಕಾಡಿನಲ್ಲಿ ನುಗ್ಗಿದವನು ಹೊರಬರುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಅದರಲ್ಲಿನ ಎಲ್ಲವೂ ಇಂದಿನ ಬಯೋಮೆಕ್ಯಾನಿಕ್ಸ್ ಮುಂದೆ ನಿಲ್ಲುವುದಿಲ್ಲ. ಪುಸ್ತಕ ಓದುವುದು ಕಷ್ಟವೆಂದು ಕೆಲಿಗೂ ಗೊತ್ತಿತ್ತೆಂದು ಕಾಣುತ್ತದೆ. ಅದಕ್ಕೇ ಆತ ಆಟಗಾರರ ಹಿಂದೆ ಬೀಳದೆ ಬೋಧಕರನ್ನು ಹಿಡಿದ, ತನ್ನ ಗ್ಯಾರೇಜಿನಲ್ಲಿ ಅವರಿಗೆ ತರಗತಿ ನಡೆಸಿ ತಯಾರು ಮಾಡಿದ, 1983ರಲ್ಲಿ ಬೋಧಕರ ಸಭೆಯೊಂದರಲ್ಲಿ ಉಪನ್ಯಾಸ ಕೊಡುತ್ತಿದ್ದಾಗಲೇ ತೀರಿಕೊಂಡ. ಸೂತ್ರ ಕಠಿಣವಾಗಿದ್ದರೆ ಭಾಷ್ಯ ಬರೆಯಬೇಕು. ಸೂತ್ರವನ್ನೇ ಗೇಲಿ ಮಾಡಿ ಸೋಮಾರಿತನಕ್ಕೆ ಸಹಜತೆಯ ಬಿರುದು ಕೊಟ್ಟುಕೊಳ್ಳುವುದಲ್ಲ.

ಥಿಯರಿಯಿಂದ ಶಿಷ್ಯ ಗೊಂದಲಕ್ಕೆ ಬೀಳುತ್ತಾನೆ ಎಂಬುದು ಈ ಪಾಳಯದ ಅತ್ಯಂತ ಜನಪ್ರಿಯ ವಾದ, ಅತ್ಯಂತ ಅಪ್ರಾಮಾಣಿಕವೂ ಹೌದು. ಶಿಷ್ಯನಿಗೆ ಹೇಳಿ ಎಂದವರು ಯಾರು? ಮೃದಂಗದ ಗುರು ಮೊದಲ ದಿನವೇ ಕೋರ್ವೆಯ ಲೆಕ್ಕ ಬಿಚ್ಚುವುದಿಲ್ಲ, ‘ತ ದಿ ತೊಂ ನಂ’ ಎಂದು ಕೈ ಕೂರಿಸುತ್ತಾನೆ. ಹಾಗೆಂದು ಗುರುವಿಗೇ ಲೆಕ್ಕ ಬಾರದೆಂದರೆ ನಿಮ್ಮ ಮಗುವನ್ನು ಅಲ್ಲಿಗೆ ಕಳಿಸುತ್ತೀರಾ? ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗಾಲ್ಫ್ ಹೊಸಬರಿಗೆ ಸಣ್ಣ ಪಿಚ್ ಹೊಡೆತ ಕಲಿಸಿದರು. ಒಂದು ಗುಂಪಿಗೆ ತೋಳಿನ ಚಲನೆಯ ಮೇಲೆ ಗಮನವಿಡಿ ಎಂದರು, ಇನ್ನೊಂದಕ್ಕೆ ಕ್ಲಬ್ಬಿನ ಬೀಸಿನ ಮೇಲೆ. ಚೆನ್ನಾಗಿ ಕಲಿತದ್ದು ಎರಡನೆಯ ಗುಂಪು. ಥಿಯರಿ ಬೇಡ ಎನ್ನುವವರು ಇಂಥ ಫಲಿತಾಂಶ ಕಂಡು ಕುಣಿಯುತ್ತಾರೆ. ಕುಣಿಯುವ ಮುಂಚೆ ಯೋಚಿಸಬೇಕು. ಶಿಷ್ಯನಿಗೆ ಮೈಯ ಬಗ್ಗೆ ಹೇಳದೆ ಕ್ಲಬ್ಬಿನ ಬಗ್ಗೆ ಒಂದೇ ಮಾತು ಹೇಳಬೇಕಾದರೆ, ಆ ಒಂದು ಮಾತು ಯಾವುದು ಎಂದು ಆರಿಸುವವನಿಗೆ ಎಷ್ಟು ಗೊತ್ತಿರಬೇಕು? ನಡೆದದ್ದನ್ನು ಬಿಡಿಸಿ ನೋಡಲು ಬಾರದ ಕೋಚೇ ಹತ್ತು ಸಲಹೆ ಕೊಡುವುದು. ಒಂದು ನಾಟದಿದ್ದರೆ ಇನ್ನೊಂದು ನಾಟೀತು ಎಂಬ ಲಾಟರಿ ಅದು. ಗೊಂದಲ ಹುಟ್ಟುವ ಮನೆ ಅದೇ.

ಲಾಟರಿಯಲ್ಲಿ ಸೋತಾಗ ಹೋಗುವುದು ಬರೀ ಚೆಂಡಲ್ಲ, ಬೆನ್ನೂ ಹೋಗುತ್ತದೆ. ಗಾಲ್ಫ್ ಆಡುವವರಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವ ಜಾಗಗಳ ಸಾಲಿನಲ್ಲಿ ಕೆಳಬೆನ್ನು ಮುಂದಿದೆ. 1992ರಲ್ಲಿ ಅಮೆರಿಕದ ಕೋಚ್ ಜಿಮ್ ಮೆಕ್ಲೀನ್ ‘ಎಕ್ಸ್ ಫ್ಯಾಕ್ಟರ್’ ಎಂಬುದನ್ನು ಜನಪ್ರಿಯಗೊಳಿಸಿದರು: ಭುಜ ಎಷ್ಟು ತಿರುಗಿತು, ಸೊಂಟ ಎಷ್ಟು ತಿರುಗಿತು, ಇವೆರಡರ ಅಂತರ ಹಿಗ್ಗಿದಷ್ಟೂ ದೂರ. ದೂರ ಹೊಡೆಯುವ ವೃತ್ತಿಪರರನ್ನು ಅಳೆದು ಆಡಿದ ಮಾತು ಅದು. ಟಿಪ್ ಆಗಿ ರೇಂಜಿಗೆ ಇಳಿಯುವಾಗ ಅದರ ಬಾಲ ಮಾತ್ರ ಉಳಿಯಿತು, ‘ಸೊಂಟ ಗಟ್ಟಿ ಹಿಡಿ, ಭುಜ ತಿರುಗಿಸು’. ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕುಳಿತು ಸೊಂಟದ ಕೀಲು ಬಿಗಿದುಕೊಂಡಿರುವ ಐವತ್ತೈದರ ಗೃಹಸ್ಥನಿಗೂ ಅದೇ, ಹದಿನಾರರ ಹುಡುಗಿಗೂ ಅದೇ. ತಿರುಗಲಾರದ ಸೊಂಟದ ಪಾಲಿನ ತಿರುಚು ಎಲ್ಲಿಗೆ ಹೋಗುತ್ತದೆ? ಬೆನ್ನುಮೂಳೆಯ ಕೆಳಗಿನ ಗೆಣ್ಣುಗಳಿಗೆ, ಅವು ಹೆಚ್ಚು ತಿರುಚಿಕೊಳ್ಳಲು ಆದವೇ ಅಲ್ಲ. ಕೋಚ್‌ಗೆ ಇಷ್ಟು ಅಂಗರಚನೆ ಗೊತ್ತಿರಬೇಕೆನ್ನುವುದು ದುಬಾರಿ ಬೇಡಿಕೆಯೇ? ಪಟಿಯಾಲಾದ ಎನ್‌ಐಎಸ್ ಡಿಪ್ಲೊಮಾ ಮಾಡುವ ಅಥ್ಲೆಟಿಕ್ಸ್ ಕೋಚ್ ಬಯೋಮೆಕ್ಯಾನಿಕ್ಸ್ ಓದಿಯೇ ಹೊರಬರುತ್ತಾನೆ. ಜಾವೆಲಿನ್ ಎಸೆಯುವುದನ್ನು ಕಲಿಸಲು ಬೇಕಾದ ವಿದ್ಯೆ ಡ್ರೈವರ್ ಬೀಸುವುದನ್ನು ಕಲಿಸಲು ಯಾಕೆ ಬೇಡ? ಗಾಲ್ಫಿನ ಶುಲ್ಕ ಹೆಚ್ಚು, ಆದ್ದರಿಂದ ವಿದ್ಯೆ ಕಡಿಮೆ ಸಾಕೇ?

ನಮ್ಮ ದೇಶದಲ್ಲಿ ಈ ‘ಕಲೆ’ಯ ಮಾತಿಗೆ ಇನ್ನೊಂದು ಮುಖವಿದೆ, ನನಗೆ ಸಿಟ್ಟು ಹೆಚ್ಚು ಬರುವುದು ಅಲ್ಲಿ. ಭಾರತದಲ್ಲಿ ಗಾಲ್ಫ್ ಕಲಿಸುವವರಲ್ಲಿ ಬಹಳ ಮಂದಿ ಕ್ಯಾಡಿ ಮನೆತನದಿಂದ ಬಂದವರು. ಬ್ಯಾಗು ಹೊತ್ತು, ಕೋರ್ಸಿಗೆ ರಜೆ ಇದ್ದ ದಿನ ಯಾರದ್ದೋ ಹಳೆಯ ಕ್ಲಬ್ಬಿನಲ್ಲಿ ಆಡಿ, ನೋಡಿ ನೋಡಿ ಕಲಿತವರು. ದೆಹಲಿಯ ಅಲಿ ಶೇರ್ ಹಾಗೆ ಬಂದು 1991ರಲ್ಲಿ ಇಂಡಿಯನ್ ಓಪನ್ ಗೆದ್ದರು. ಕೋಲ್ಕತ್ತದ ಕ್ಲಬ್ಬಿನ ಗ್ರೀನ್‌ಕೀಪರ್ ಮಗ ಎಸ್.ಎಸ್.ಪಿ. ಚೌರಾಸಿಯಾ ಅದೇ ಓಪನ್ನನ್ನು 2016ರಲ್ಲೂ 2017ರಲ್ಲೂ ಗೆದ್ದರು. ಬೆಂಗಳೂರಿನ ಚಿಕ್ಕರಂಗಪ್ಪ ಅದೇ ದಾರಿ ತುಳಿದು ವೃತ್ತಿಪರರಾದರು. ಇವರನ್ನೆಲ್ಲ ತೋರಿಸಿ ಮೆಂಬರ್ ಸಾಹೇಬರು ಹೇಳುವುದೇನು? ‘ಇವರಿಗೆ ಯಾವ ಥಿಯರಿ ಇತ್ತು? ರಕ್ತದಲ್ಲೇ ಬಂದಿದೆ.’ ಹೊಗಳಿಕೆಯ ಹಾಗೆ ಕೇಳುವ ಈ ಮಾತಿನಲ್ಲಿ ಎಷ್ಟು ವಿಷವಿದೆ ನೋಡಿ. ನಿನಗೆ ಕೈ ಇದೆ, ತಲೆ ಬೇಕಿಲ್ಲ. ನೀನು ತೋರಿಸು, ವಿವರಿಸುವ ಕೆಲಸ ನಮ್ಮದು. ಶಾಸ್ತ್ರ ಓದುವವರೊಬ್ಬರು, ಕೆಲಸ ಮಾಡುವವರೊಬ್ಬರು ಎಂಬ ಹಳೆಯ ವಿಂಗಡಣೆಗೆ ನಮ್ಮಲ್ಲಿ ಹಸಿರು ಹುಲ್ಲಿನ ಮೇಲೂ ಜಾಗ ಸಿಕ್ಕಿತಲ್ಲ! ಅಲಿ ಶೇರ್ ಜೊತೆ ಬ್ಯಾಗು ಹೊತ್ತ ನೂರಾರು ಹುಡುಗರು ಏನಾದರೆಂದು ಯಾರೂ ಕೇಳುವುದಿಲ್ಲ. ಅವರ ರಕ್ತ ಬೇರೆ ಇತ್ತೇ?

ರಕ್ತದ ಮಾತಾಡುವವರೇ ತಮ್ಮ ಮಕ್ಕಳನ್ನು ಬೇಸಿಗೆ ರಜೆಗೆ ಅಮೆರಿಕದ ಅಕಾಡೆಮಿಗೆ ಕಳಿಸುತ್ತಾರೆ. ಅಲ್ಲಿ ಫೋರ್ಸ್ ಪ್ಲೇಟ್ ಮೇಲೆ ನಿಲ್ಲಿಸಿ, ಮೈಗೆ ಸೆನ್ಸರ್ ಅಂಟಿಸಿ, ಸೊಂಟ, ಎದೆ, ತೋಳು, ಕ್ಲಬ್ ಯಾವ ಕ್ರಮದಲ್ಲಿ ವೇಗದ ತುದಿ ಮುಟ್ಟುತ್ತವೆಂದು ಅಳೆಯುತ್ತಾರೆ. ಅದರ ವರದಿ ಹಿಡಿದು ಬಂದ ಮಗು ಊರಿನ ಕೋಚ್ ಮುಂದೆ ನಿಂತಾಗ ಅವನಿಗೆ ಆ ಹಾಳೆ ಓದಲು ಬರುವುದಿಲ್ಲ. ತಪ್ಪು ಅವನದ್ದೇ? ಅವನಿಗೆ ಓದಲು ಕಲಿಸಿದವರು ಯಾರು? ಪ್ರಮಾಣಪತ್ರದ ಪಠ್ಯ ಇಂಗ್ಲಿಷಿನಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ, ಸೆಮಿನಾರ್ ಪಂಚತಾರಾ ಹೋಟೆಲಿನಲ್ಲಿ. ಬೆಂಗಳೂರಿನಲ್ಲಿ 1876ರಿಂದ ಗಾಲ್ಫ್ ಆಡುತ್ತಿದ್ದಾರೆ. ಮೈಸೂರು, ಮಡಿಕೇರಿ, ಚಿಕ್ಕಮಗಳೂರು, ಕೆಜಿಎಫ್‌ಗಳಲ್ಲೂ ಕೋರ್ಸುಗಳಾದವು. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಸ್ಟ್ರೋಕ್‌ನಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದ ಬೆಳಿಗ್ಗೆ ಬೋಗಿ, ಬರ್ಡಿ ಎಂದರೇನೆಂದು ಗೊತ್ತಿಲ್ಲದ ಮನೆಗಳಲ್ಲೂ ಟಿವಿ ಉರಿಯಿತು. ಇಷ್ಟೆಲ್ಲ ಆದ ಊರಿನಲ್ಲಿ ರೇಂಜಿನ ಕೋಚ್ ಕೈಯಲ್ಲಿಡಬಹುದಾದ, ಸ್ವಿಂಗಿನ ಯಂತ್ರಶಾಸ್ತ್ರವನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಒಂದು ಪುಸ್ತಕವನ್ನು ನಾನಂತೂ ನೋಡಿಲ್ಲ. ಅವನಿಗೆ ಅರ್ಥವಾಗಲಾರದು ಎನ್ನಬೇಡಿ. ಲೋಲಕ, ಆವೇಗ ಇವೆಲ್ಲ ನಮ್ಮ ಶಾಲೆಯ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕಗಳಲ್ಲಿ ಇವೆ. ಎಸೆಸೆಲ್ಸಿ ಮುಟ್ಟಿದವನಿಗೆ ಜೋಡಿ ಲೋಲಕ ತೋರಿಸಲು ಎರಡು ಕೋಲು ಒಂದು ದಾರ ಸಾಕು.

ನಾವು ಟ್ರ್ಯಾಕ್‌ಮ್ಯಾನ್ ತರಿಸಿದ್ದೇವಲ್ಲ ಎಂದು ಎದೆ ತಟ್ಟಿಕೊಳ್ಳುವ ಕ್ಲಬ್ಬುಗಳದ್ದು ಇನ್ನೊಂದು ಬಗೆಯ ಭ್ರಮೆ. ಲಕ್ಷಗಟ್ಟಲೆ ಸುರಿದು ತಂದ ಪೆಟ್ಟಿಗೆಯ ಮುಂದೆ ನಿಂತ ಕೋಚ್ ‘ಪಾತ್ ಮೈನಸ್ ನಾಲ್ಕು, ಫೇಸ್ ಪ್ಲಸ್ ಎರಡು’ ಎಂದು ರೈಲ್ವೆ ಸ್ಟೇಷನ್ನಿನ ಧ್ವನಿಯಲ್ಲಿ ಓದುತ್ತಾನೆ. ಯಾಕೆ ನಾಲ್ಕು, ಅದನ್ನು ಎರಡಕ್ಕಿಳಿಸಲು ಮೈಯ ಯಾವ ಭಾಗಕ್ಕೆ ಕೈ ಹಾಕಬೇಕು ಎಂದು ಪೆಟ್ಟಿಗೆ ಹೇಳುವುದಿಲ್ಲ. ಯಂತ್ರಕ್ಕೆ ದುಡ್ಡಿದೆ, ಅದನ್ನು ಓದುವವನಿಗೆ ಪಾಠ ಹೇಳಿಸಲು ಬಜೆಟ್ ಇಲ್ಲ. ಕ್ಲಬ್ಬಿನ ಬಾರ್ ನವೀಕರಣಕ್ಕೆ ಯಾವಾಗಲೂ ಇರುತ್ತದೆ.

ಆದ್ದರಿಂದ ಸೌಮ್ಯ ಸಲಹೆಗಳ ಕಾಲ ಮುಗಿಯಿತು. ಬೋಧಕರಿಗೆ ಪ್ರಮಾಣಪತ್ರ ಕೊಡುವವರು ಚೆಂಡಿನ ಹಾರಾಟದ ನಿಯಮ, ಜೋಡಿ ಲೋಲಕ, ಕೆಳಬೆನ್ನಿನ ಅಂಗರಚನೆ ಇವಿಷ್ಟರಲ್ಲಿ ಪಾಸಾಗದವನಿಗೆ ಕಲಿಸುವ ಹಕ್ಕು ಕೊಡಬಾರದು. ಹಿರಿಯರಿಗೆ ರಿಯಾಯಿತಿ ಬೇಡ, ಮೂವತ್ತು ವರ್ಷ ತಪ್ಪು ಕಲಿಸಿದ್ದು ಅನುಭವದ ಖಾತೆಗೆ ಜಮೆಯಾಗುವುದಿಲ್ಲ. ಆ ಪರೀಕ್ಷೆ ಕನ್ನಡದಲ್ಲೂ ನಡೆಯಬೇಕು, ಹಿಂದಿಯಲ್ಲೂ ತಮಿಳಿನಲ್ಲೂ ಬಂಗಾಳಿಯಲ್ಲೂ ನಡೆಯಬೇಕು. ಕೋಚ್ ತರಗತಿಗೆ ಹೋದ ದಿನದ ಸಂಬಳವನ್ನು ಕ್ಲಬ್ ಕೊಡಬೇಕು, ಯಾಕೆಂದರೆ ಪಾಠ ಹೇಳದ ದಿನ ಅವನ ಮನೆಯಲ್ಲಿ ಒಲೆ ಉರಿಯುವುದು ಕಷ್ಟ ಎಂದು ಸಮಿತಿಗೆ ಚೆನ್ನಾಗಿ ಗೊತ್ತು. ಬೆಂಗಳೂರಿನಲ್ಲಿ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ, ಭಾರತೀಯ ವಿಜ್ಞಾನ ಸಂಸ್ಥೆಯಿದೆ, ಎಂಜಿನಿಯರಿಂಗ್ ಕಾಲೇಜುಗಳಿಗಂತೂ ಲೆಕ್ಕವಿಲ್ಲ. ರೇಂಜಿನಿಂದ ಅಲ್ಲಿಗೆ ಒಂದು ಆಟೊ ದೂರ. ಭೌತವಿಜ್ಞಾನದ ಮೇಷ್ಟರೊಬ್ಬರನ್ನೂ ಫಿಸಿಯೊಥೆರಪಿಸ್ಟ್ ಒಬ್ಬರನ್ನೂ ಕರೆದು ಕ್ಯಾಡಿಗಳನ್ನೂ ಕೋಚುಗಳನ್ನೂ ಒಟ್ಟಿಗೆ ಕೂರಿಸಿ ಮಳೆಗಾಲದ ಮಧ್ಯಾಹ್ನಗಳಲ್ಲಿ ಪಾಠ ಶುರುಮಾಡಲು ಯಾರ ಅಪ್ಪಣೆ ಬೇಕು?

ನೀವು ಕ್ಲಬ್ಬಿನ ಸದಸ್ಯರಾಗಿದ್ದರೆ ಬರುವ ವಾರ್ಷಿಕ ಮಹಾಸಭೆಯಲ್ಲಿ ಇದನ್ನೇ ಠರಾವಾಗಿ ಮಂಡಿಸಿ, ಹಣದ ಮೊತ್ತ ನಮೂದಿಸಿ. ಹಿಂದಿನ ಸಾಲಿನಿಂದ ಯಾರಾದರೂ ಎದ್ದು ಇದರಿಂದ ಆಟದ ಕಲೆ ಸಾಯುತ್ತದೆ ಎಂದರೆ ಜಗಳಕ್ಕಿಳಿಯಬೇಡಿ. ಮೈಕನ್ನು ಅವರ ಕೈಗೆ ಕೊಟ್ಟು, ತಮ್ಮ ಚೆಂಡು ಬಲಕ್ಕೆ ಯಾಕೆ ಬಾಗುತ್ತದೆಂದು ಸಭೆಗೆ ವಿವರಿಸಲು ಕೇಳಿ. ಅವರು ಕೊಟ್ಟ ಉತ್ತರವನ್ನು ಅಕ್ಷರಶಃ ನಡಾವಳಿ ಪುಸ್ತಕದಲ್ಲಿ ಬರೆಸಿ, ಅಧ್ಯಕ್ಷರ ಸಹಿ ಹಾಕಿಸಿ, ಆಮೇಲೆ ಮತಕ್ಕೆ ಹಾಕಿ.